ನಾನು ಬ್ರಿಟಿಷರ ಪರ ಮಾತಾಡಿದ್ದು

ಟಿಂಚರಿನ ವಾಸನೆ ಎಲ್ಲಿ ಮೂಗಿಗೆ ಬಿದ್ದರೂ ಗೌರಿಬಿದನೂರಿನ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಡುಮನೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲೇ, ಅಜ್ಜಿ ಒಂದು ಟಿಂಚರ್ ಸೀಸೆ ಇಟ್ಟಿರುತ್ತಿದ್ದಳು. ನಾವು ಮೊಣಕಾಲು ತರಚಿಕೊಂಡು ಬಂದರೆ ಹತ್ತಿಯಲ್ಲಿ ಅದ್ದಿ ಹಚ್ಚಿ, ಉರಿ ಆರುವವರೆಗೂ ಉಫ್ ಉಫ್ ಎಂದು ಊದುತ್ತಿದ್ದಳು. ಅದನ್ನು ಅವಳಿಗೆ ಕಲಿಸಿದವಳು ಒಬ್ಬ ಬಿಳಿಯ ಡಾಕ್ಟರಮ್ಮ. ಹೊಟ್ಟೆಯಲ್ಲಿದ್ದ ನನ್ನ ಅಮ್ಮ ಅಡ್ಡ ತಿರುಗಿದ್ದರಿಂದ ಮೂರು ದಿನ ಹೆರಿಗೆ ನೋವು ತಿಂದ ಅಜ್ಜಿಯನ್ನು ಎತ್ತಿನ ಗಾಡಿಯಲ್ಲಿ ಯಾವುದೋ ಮಿಷನ್ ಆಸ್ಪತ್ರೆಗೆ ಒಯ್ದಾಗ, ತಾಯಿ ಮಗು ಇಬ್ಬರನ್ನೂ ಉಳಿಸಿದವಳು. ಅಜ್ಜಿ ಅವಳನ್ನು ದೊರೆಸಾನಿ ಎನ್ನುತ್ತಿದ್ದಳು. ಆ ಮಾತು ಬಂದೊಡನೆ ಅಜ್ಜಿಯ ಅಣ್ಣ, ನಾವು ದೊಡ್ಡತಾತ ಎನ್ನುತ್ತಿದ್ದವರು, ಎದ್ದು ಹೊರಗೆ ಹೋಗುತ್ತಿದ್ದರು. ಅವರ ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಿತ್ತು. ಚಳವಳಿಯಲ್ಲಿ ಬಾವುಟ ಹಿಡಿದದ್ದಕ್ಕೆ ಲಾಠಿ ಬಿದ್ದ ಕೈ ಅದು. ದೊರೆಸಾನಿಯ ಹತ್ತಿರ ತೋರಿಸೋಣ ಎಂದು ಅಜ್ಜಿ ಅತ್ತರೂ ಹೋಗಲಿಲ್ಲವಂತೆ. ಎಡಗೈಯಲ್ಲಿ ಬರೆಯಲು ಕಲಿತರು. ಪಂಕ್ತಿಯಲ್ಲಿ ಜನ ಮುಖ ತಿರುಗಿಸಿದರೂ ಎಡಗೈಯಲ್ಲೇ ಉಂಡರು.

ಎಂಬತ್ತರ ದಶಕದ ನಡುವೆ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು. ಬ್ರಿಟಿಷರ ಆಳ್ವಿಕೆಯಿಂದ ನಮಗೆ ಒಳ್ಳೆಯದಾಯಿತೇ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ಬಂದದ್ದು ‘ಆಯಿತು’ ಎನ್ನುವ ಪಕ್ಷ. ದೊಡ್ಡತಾತನಿಗೆ ಹೇಗೆ ಹೇಳಲಿ? ಅಡುಗೆಮನೆಯಲ್ಲಿ ಅಜ್ಜಿಯ ಬಳಿ ಕೂತು ಗುಟ್ಟಾಗಿ ದೊರೆಸಾನಿಯ ಕಥೆ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಅವರೇ.

“ಓದಮ್ಮ, ಕೇಳಣ,” ಎಂದರು.

ಓದಿದೆ. ಅವರು ಬೈಯಲಿಲ್ಲ. “ರೈಲು ಬಿಟ್ಬಿಟ್ಟಿದ್ದೀಯಲ್ಲ, ಅದನ್ನೂ ಸೇರಿಸು. ‘ಅವ್ರ ಸಾಮಾನು ಸಾಗಿಸ್ಕೊಳ್ಳಕ್ಕೆ ಹಾಕಿದ್ದು’ ಅಂತಾರೆ ಎದುರಿನೋರು. ಅದಕ್ಕೇನು ಹೇಳ್ತೀಯೋ ಈಗ್ಲೇ ಯೋಚ್ನೆ ಮಾಡ್ಕೊ.”

“ನಿಮಗೆ ಕೋಪ ಬರಲ್ವಾ ತಾತ?”

“ನಂಗೆ ಕೋಪ, ಮಾತಾಡಕ್ಕೆ ಬಿಡದೇ ಇದ್ದೋರ ಮೇಲೆ ಕಣಮ್ಮ. ನೀನು ಮಾತಾಡು.”

ಮಾತಾಡಿದೆ. ದೊರೆಸಾನಿಯ ಕಥೆಗೆ ಚಪ್ಪಾಳೆಯೂ ಬಿತ್ತು. ಆಮೇಲೆ ಎದುರು ಪಕ್ಷದ ಹುಡುಗಿ ಎದ್ದು, “ನಿಮ್ಮಜ್ಜೀನ ಉಳಿಸಿದ್ದು ಆ ಡಾಕ್ಟರಾ, ಅವರ ಸರ್ಕಾರಾನಾ?” ಎಂದು ಕೇಳಿದಳು. ನಾನು ಬರೆದುಕೊಂಡಿದ್ದ ಹಾಳೆ ತಿರುವಿ ನೋಡಿದೆ, ಅದರಲ್ಲಿ ರೈಲಿನ ಉತ್ತರ ಮಾತ್ರ ಇತ್ತು.

ಸಂಜೆ ಮನೆಯಲ್ಲಿ ಆ ಪ್ರಶ್ನೆಯನ್ನು ಹೇಳಿದೆ. ದೊಡ್ಡತಾತ ಅಡುಗೆಮನೆಗೆ ಬಂದು, “ಪುಟ್ಟಮ್ಮ, ಆಯಮ್ಮನ ಹೆಸರೇನು?” ಎಂದು ಅಜ್ಜಿಯನ್ನು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಆಕೆಯ ವಿಷಯ ಎತ್ತಿದ್ದು ಅದೇ ಮೊದಲು.

ಮುದ್ದೆ ತಿರುವುತ್ತಿದ್ದ ಅಜ್ಜಿಯ ಕೈ ನಿಂತಿತು. “ಗೊತ್ತಿಲ್ಲ ಕಣಣ್ಣ. ಎಲ್ರೂ ದೊರೆಸಾನಿ ಅಂತಿದ್ರು, ನಾನೂ ಅಂದೆ. ಹೆಸರು ಕೇಳೋ ಧೈರ್ಯ ಯಾರಿಗಿತ್ತು?” ಮತ್ತೆ ಕೋಲು ಹಿಡಿದು, “ಆಯಮ್ಮಾನೂ ನನ್ನ ಹೆಸರು ಕೇಳ್ಲಿಲ್ಲ,” ಎಂದಳು.

ದೊಡ್ಡತಾತ ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತು, “ಆವತ್ತು ಏನಾಯ್ತು, ಮೊದ್ಲಿಂದ ಹೇಳಮ್ಮ,” ಎಂದರು. ಅಜ್ಜಿ ಹೇಳುತ್ತಾ ಹೋದಳು. ನಡುವೆ ಅವರು ಪ್ರಶ್ನೆ ಕೇಳುತ್ತಿದ್ದರು. ಒಮ್ಮೆ ಇಬ್ಬರೂ ನಕ್ಕರು. ಯಾಕೆಂದು ಈಗ ನೆನಪಾಗುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಇಬ್ಬರು ಇದ್ದಿರಬಹುದು. ನಮ್ಮವರು ಹೋಗಿ ಎಷ್ಟೋ ವರ್ಷಗಳಾದವು, ಮನೆಯಿದ್ದ ಜಾಗದಲ್ಲಿ ಅಂಗಡಿ ಸಾಲು ಎದ್ದಿದೆ. ಅಣ್ಣ ತಂಗಿ ನಲವತ್ತು ವರ್ಷ ಆಡದೆ ಬಿಟ್ಟಿದ್ದ ಮಾತನ್ನು ಆ ಸಂಜೆ ಆಡಿದ್ದನ್ನು ಕೇಳಿದವಳು ಈಗ ನಾನೊಬ್ಬಳೇ.