ಕಿಟಕಿಯಿಂದ ಕೊಟ್ಟ ಚಾರ್ಜ್

ಆ ಬಸ್ಸಿನಲ್ಲಿ ನಾನು ಇದ್ದೆನೋ ಇಲ್ಲವೋ ಎಂಬುದು ನನಗೆ ಖಚಿತವಿಲ್ಲ. ಇದ್ದೆ ಎಂದು ಹಾವೇರಿಯ ಒಂದು ಕಚೇರಿಯಲ್ಲಿ ಹೇಳಿಕೆ ಕೊಟ್ಟು ಕೆಳಗೆ ಸಹಿ ಹಾಕಿದ್ದೇನೆ. ನೆನಪೂ ಹಾಗೇ ಹೇಳುತ್ತದೆ. ಎಡಗಡೆಯ ಸೀಟು, ಮೇಡ್ಲೇರಿ ಕಡೆಯ ರಸ್ತೆ, ಬಸ್ಸು ತಿರುಗಿಸಿಕೊಂಡು ನಿಲ್ಲುತ್ತಲೇ ಹೊರಗಿನಿಂದ ಚಾಚಿದ ಒಂದು ಕೈ, ಆ ಕೈಯಲ್ಲಿ ಉದ್ದನೆಯ ರಿಜಿಸ್ಟರ್, ಅದರ ಮೇಲೆ ಬೀಗದ ಕೈ, ಅದರ ಮೇಲೆ ಮಡಚಿದ ಹಸಿರಂಚಿನ ಟವೆಲು. ಇಷ್ಟು ವಿವರವಿರುವ ನೆನಪನ್ನು ಸುಳ್ಳೆನ್ನಲು ಮನಸ್ಸು ಬರುವುದಿಲ್ಲ. ವಿವರ ಹೆಚ್ಚಿದಷ್ಟೂ ಅನುಮಾನ ಹೆಚ್ಚಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ನಾನೇ ಗೆಳೆಯರಿಗೆ ಉಪದೇಶ ಮಾಡುತ್ತಿದ್ದೆ.

ಎರಡು ಸಾವಿರದ ದಶಕದ ಮಧ್ಯದ ವರ್ಷಗಳವು. ತುಂಗಭದ್ರೆಯ ದಡದಿಂದ ಬ್ಯಾಡಗಿಯ ಕಡೆಗೆ ಕುಡಿಯುವ ನೀರು ಒಯ್ಯುವ ಒಂದು ಕೊಳವೆ ಮಾರ್ಗವಿತ್ತು. ಅದನ್ನು ನಡೆಸುತ್ತಿದ್ದದ್ದು ಒಂದು ಗುತ್ತಿಗೆ ಕಂಪನಿ; ಅದು ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡುವುದು ಹಾವೇರಿಯ ನಮ್ಮ ಕಚೇರಿಯ ಕೆಲಸ. ನಾನು ಅಲ್ಲಿ ಹನ್ನೊಂದು ತಿಂಗಳ ಕರಾರಿನ ತಪಾಸಣಾ ಸಹಾಯಕ. ನನ್ನ ಮೇಲಿದ್ದವರು ಒಬ್ಬ ಮಹಿಳಾ ಇಂಜಿನಿಯರ್. ಎಲ್ಲರಿಗೂ ಅವರು ಬರೀ ಮೇಡಂ. ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದು ಒಂದೇ ಮಾತು: "ನೋಡಪಾ, ಕಣ್ಣಿಲೆ ಕಂಡದ್ದಷ್ಟ ಬರಿ. ಯಾರೋ ಹೇಳಿದ್ರು ಅಂತ ಬರದ್ಯೋ, ಆ ವರದಿ ನಾ ಓದಾಂಗಿಲ್ಲ." ನನಗೆ ಅದು ತುಂಬ ಹಿಡಿಸಿತು.

ಪಂಪುಗಳನ್ನು ನಡೆಸುವ ನಿಯಂತ್ರಣ ಕೊಠಡಿ ನದಿಯ ಸಮೀಪದಲ್ಲಿತ್ತು. ಒಂದು ಗೋಡೆಯ ತುಂಬ ಒತ್ತಡ ತೋರಿಸುವ ಮುಳ್ಳುಗಳು, ದೀಪಗಳು, ಒಂದು ಗಂಟೆ. ದೂರದ ಬ್ಯಾಡಗಿಯಲ್ಲಿ ಯಾರಾದರೂ ವಾಲ್ವ್ ಮುಚ್ಚಿದರೆ ಇಲ್ಲಿ ಒತ್ತಡ ಏರುತ್ತದೆ, ಗಂಟೆ ಬಡಿಯುತ್ತದೆ. ಆಪರೇಟರ್ ಎದ್ದು ಪಂಪು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕೊಳವೆ ಎಲ್ಲಿ ದುರ್ಬಲವೋ ಅಲ್ಲಿ ಒಡೆಯುತ್ತದೆ. ಹಾಗಾಗಿ ನಿಯಮಗಳಲ್ಲಿ ಮೊದಲನೆಯದು, ಕೊಠಡಿ ಒಂದು ನಿಮಿಷವೂ ಖಾಲಿ ಇರಕೂಡದು. ಎರಡನೆಯದು, ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಆ ಗೋಡೆಯ ಮುಂದೆ ಒಟ್ಟಿಗೆ ನಿಂತು, ಮುಳ್ಳುಗಳನ್ನು ಓದಿ, ರಿಜಿಸ್ಟರಿಗೆ ಸಹಿ ಹಾಕಬೇಕು. ಇದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಿದ್ದರು.

ನಾಲ್ವರು ಆಪರೇಟರುಗಳಿದ್ದರು. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಪಾಳಿ ಬದಲು. ನಾನು ಮೊದಲ ಸಲವೋ ಎರಡನೆಯ ಸಲವೋ ಹೋದಾಗ ಕೆಲಸದಲ್ಲಿದ್ದವರು ಕುಪ್ಪೇಲೂರಿನವರು, ಐವತ್ತರ ಆಸುಪಾಸಿನ ಮುಸ್ಲಿಂ ಗೃಹಸ್ಥರು. ಕಂಪನಿ ಮುಂದಿನ ವರ್ಷ ಕಾಯಂ ಮಾಡಿಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಆ ಪಟ್ಟಿಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಊಟದ ಡಬ್ಬಿಯ ಜೊತೆ ದಿನಾ ತರುತ್ತಿದ್ದರು. ನನಗೂ ತೋರಿಸಿದರು. ಹನ್ನೊಂದು ವರ್ಷದಿಂದ ಕಾದ ಕಾಗದ ಅದು.

"ಕುಂದ್ರಿ ಸಣ್ಣ ಸಾಹೇಬ್ರ. ದೊಡ್ಡ ಸಾಹೇಬ್ರು ಬರಲಿಲ್ಲೇನ್ರಿ?"

"ಮೇಡಂ ಅವರು. ಅವರಿಗೆ ಕೋರ್ಟಿನ ಕೆಲಸವಿದೆ."

"ಚೊಲೋ ಆತು. ಅವರು ಬಂದ್ರ ಚಾ ಕುಡಿಯಂಗಿಲ್ಲ, ನಮಗೂ ಕುಡಿಯಾಕ ಬಿಡಂಗಿಲ್ಲ."

ಕೊಠಡಿಯಲ್ಲೇ ಸ್ಟೌ ಇತ್ತು. ಅದೂ ನಿಯಮದ ವಿರುದ್ಧವೇ. ಚಹಾ ಕುಡಿದದ್ದು ಖಂಡಿತ ನೆನಪಿದೆ, ಶುಂಠಿ ಹೆಚ್ಚಾಗಿತ್ತು. ಚಹಾ ಕುಡಿಯುತ್ತ ಅವರು ಏನು ಹೇಳಿದರು ಎಂಬಲ್ಲಿಂದ ತೊಂದರೆ ಶುರು.

ಒಂದು ನೆನಪಿನ ಪ್ರಕಾರ ಅವರು ಎಲ್ಲವನ್ನೂ ಹೇಳಿದರು. ರಾಣೆಬೆನ್ನೂರಿನಿಂದ ಬೆಳಿಗ್ಗೆ ಅಲ್ಲಿಗೆ ಬರುವುದು ಒಂದೇ ಬಸ್ಸು. ಬರುವ ಆಪರೇಟರ್ ಅದರಲ್ಲೇ ಬರಬೇಕು, ಹೋಗುವವನು ಅದರಲ್ಲೇ ಹೋಗಬೇಕು. ಅದು ಬಂದು, ತಿರುಗಿ, ಮಂದಿ ಹತ್ತುತ್ತಲೇ ಹೊರಡುತ್ತದೆ, ಮುಂದಿನದು ಮಧ್ಯಾಹ್ನವೇ. ನಿಲ್ದಾಣದಿಂದ ಕೊಠಡಿಗೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಹೋಗುವವನು ಬೀಗ ಹಾಕಿ, ರಿಜಿಸ್ಟರನ್ನು ಬಗಲಲ್ಲಿ ಹಿಡಿದು ನಿಲ್ದಾಣಕ್ಕೆ ಬರುತ್ತಾನೆ. ಬಸ್ಸು ಬಂದಾಗ ಕಿಟಕಿಯಿಂದ ರಿಜಿಸ್ಟರು, ಬೀಗದ ಕೈ, ಟವೆಲು ಮೂರನ್ನೂ ಒಳಗೆ ಕೊಡುತ್ತಾನೆ. ಒಳಗೆ ಕೂತವನು ಸಹಿ ಹಾಕಿ ಇಳಿಯುವ ಮುಂಚೆ ಟವೆಲನ್ನು ತನ್ನ ಸೀಟಿನ ಮೇಲೆ ಹಾಸುತ್ತಾನೆ, ಸೀಟು ಹೋಗುವವನಿಗೆ ಸಿಕ್ಕಲಿ ಎಂದು. ಸಂಜೆಯೂ ಇದೇ ಕ್ರಮ. ದಿನಕ್ಕೆ ಎರಡು ಸಲ, ಸುಮಾರು ಇಪ್ಪತ್ತೈದು ನಿಮಿಷ ಆ ಗೋಡೆಯ ಮುಂದೆ ಯಾರೂ ಇರುವುದಿಲ್ಲ.

"ಇದಕ್ಕ ನಾವು ಕಿಡಕಿ ಚಾರ್ಜ್ ಅಂತೇವ್ರಿ," ಎಂದು ಅವರು ನಕ್ಕಿದ್ದರು. "ಕಂಡಕ್ಟರ್ ಸೀಟಿ ಊದಿದ್ನೋ, ಚಾರ್ಜ್ ಆತು ಅಂತ ತಿಳೀರಿ. ನಾಕೂ ಮಂದಿ ಹಿಂಗ ಮಾಡಾಕತ್ತೇವಿ, ನಾಕು ವರ್ಷ ಆತು. ಪಾಳಿ ಟೈಮ್ ಬದಲ್ ಮಾಡ್ರಿ ಅಂತ ಮ್ಯಾನೇಜರಿಗೆ ಹೇಳಿ ಹೇಳಿ ಬಾಯಿ ಬತ್ತೈತಿ."

"ಮ್ಯಾನೇಜರ್ ಏನಂದ್ರು?"

"ಓಡಿ ಹೋಗ್ರಿ ಅಂದ. ಅವಂಗೇನ್ರೀ, ಅವನ ಕಡೆ ಕಾರ್ ಐತಿ."

ಇನ್ನೊಂದು ನೆನಪಿನಲ್ಲಿ ಈ ಮಾತುಕತೆಯೇ ಇಲ್ಲ. ಅದರಲ್ಲಿ ನಾನು ಬೆಳಗಿನ ಬಸ್ಸಿನಲ್ಲೇ ಅಲ್ಲಿಗೆ ಹೋಗುತ್ತಿದ್ದೇನೆ, ಕಿಟಕಿಯ ಪಕ್ಕ ಕೂತು ಕೈ ಚಾಚಿದ್ದನ್ನು ನೋಡುತ್ತೇನೆ. ಆಗ ನನ್ನ ಕೋಣೆ ರಾಣೆಬೆನ್ನೂರಿನಲ್ಲಿತ್ತು. ಕೆಲವು ತಪಾಸಣೆಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ, ಕೆಲವಕ್ಕೆ ಹಾವೇರಿಗೆ ಹೋಗಿ ಕಚೇರಿಯ ಜೀಪಿನಲ್ಲಿ. ಎರಡೂ ಸಾಧ್ಯ.

ಮೊದಲ ಭೇಟಿಯ ಸಂಜೆಯೇ ವರದಿಯಲ್ಲಿ ಒಂದೇ ಸಾಲು ಬರೆದೆ: ಪಾಳಿಯ ಹಸ್ತಾಂತರ ಕೊಠಡಿಯೊಳಗೆ ನಡೆಯುತ್ತಿಲ್ಲ, ಬಸ್ ನಿಲ್ದಾಣದಲ್ಲಿ ನಡೆಯುತ್ತಿದೆ. ಹೇಗೆ ತಿಳಿಯಿತು ಎಂದು ಬರೆಯಲಿಲ್ಲ. ಮೇಡಂ ಅದರ ಕೆಳಗೆ ಗೆರೆ ಎಳೆದು, ಕಂಪನಿಯಿಂದ ವಿವರಣೆ ಕೇಳಿ ಪತ್ರ ಕಳಿಸಿದರು. ಉತ್ತರ ಬರಲಿಲ್ಲ.

ಉತ್ತರದ ಬದಲು ಕೊಳವೆ ಒಡೆಯಿತು. ಒಂದು ತಿಂಗಳ ನಂತರ, ಬೆಳಿಗ್ಗೆ, ಸರಿಯಾಗಿ ಪಾಳಿ ಬದಲಾಗುವ ಹೊತ್ತಿಗೆ. ಬ್ಯಾಡಗಿಯಲ್ಲಿ ರಿಪೇರಿಗೆಂದು ಯಾರೋ ವಾಲ್ವ್ ಮುಚ್ಚಿದ್ದರು. ನದಿಯ ಬಳಿ ಗಂಟೆ ಬಡಿದಿರಬೇಕು, ಖಾಲಿ ಕೊಠಡಿಯಲ್ಲಿ. ಬ್ಯಾಡಗಿಯ ಊರಂಚಿನಲ್ಲಿ ಒಂದು ಜೋಡಣೆ ಕಿತ್ತು, ಮೆಣಸಿನಕಾಯಿ ಒಣಹಾಕಿದ್ದ ಕಣದೊಳಗೆ ನೀರು ನುಗ್ಗಿತು. ಮಧ್ಯಾಹ್ನ ನಾನು ಅಲ್ಲಿಗೆ ಹೋದೆ; ಇದನ್ನು ನೋಡಿದ್ದರ ಬಗ್ಗೆ ನನಗೆ ಅನುಮಾನವಿಲ್ಲ. ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿದ ಹೆಂಗಸರು ಬುಟ್ಟಿಯಲ್ಲಿ ಮೆಣಸಿನಕಾಯಿ ಬಾಚುತ್ತಿದ್ದರು. ನೀರು ಕೆಂಪಗಿರಲಿಲ್ಲ, ಮಣ್ಣಿನ ಬಣ್ಣವೇ ಇತ್ತು. ಘಾಟು ಮಾತ್ರ ಇತ್ತು, ಕೆಮ್ಮದೆ ಯಾರೂ ಮಾತಾಡುತ್ತಿರಲಿಲ್ಲ.

"ನೀರಿನ ಆಫೀಸಿನವನೇನೋ ನೀ?" ಒಬ್ಬ ಮುದುಕಿ ಕೇಳಿದಳು.

ಹೌದು ಅಲ್ಲ ಎರಡೂ ಆಗುವಂತೆ ತಲೆಯಾಡಿಸಿದೆ.

"ನಳಕ್ಕ ನೀರ್ ಬಿಡ್ರಿ ಅಂತ ವಾರಗಟ್ಲೆ ಬಾಯಿ ಬಡಕೊಂಡ್ರ ಬರಂಗಿಲ್ಲ. ಇವತ್ತ ನೋಡು, ಕರೀದ ಮನೀಮಟ ಬಂದೈತಿ!"

ಸುತ್ತಲಿನವರು ಕೆಮ್ಮುತ್ತಲೇ ನಕ್ಕರು. ಯಾರಿಗೂ ಪೆಟ್ಟಾಗಿರಲಿಲ್ಲ. ಆ ಬೆಳಿಗ್ಗೆ ಕೊಠಡಿಗೆ ಬೀಗ ಹಾಕಿ ನಿಲ್ದಾಣಕ್ಕೆ ನಡೆದಿದ್ದವರು ಕುಪ್ಪೇಲೂರಿನ ಆಪರೇಟರೇ ಎಂದು ಸಂಜೆ ತಿಳಿಯಿತು.

ವಿಚಾರಣೆ ಹಾವೇರಿಯಲ್ಲಿ, ಮೇಡಂ ಅವರ ಕೋಣೆಯಲ್ಲಿ ನಡೆಯಿತು. ಕಂಪನಿಯ ಮ್ಯಾನೇಜರ್ ಒಂದು ಕಡತ ತಂದಿದ್ದರು. ಅದರಲ್ಲಿ ಉಳಿದ ಮೂವರು ಆಪರೇಟರುಗಳ ಹೇಳಿಕೆಗಳಿದ್ದವು: ನಾವು ಯಾವತ್ತೂ ಕೊಠಡಿ ಬಿಟ್ಟು ಹೋಗಿಲ್ಲ, ಚಾರ್ಜ್ ಒಳಗೇ ಕೊಡುತ್ತೇವೆ. ಮೂರೂ ಒಂದೇ ಟೈಪು, ಒಂದೇ ಮಾತು. ಮೇಡಂ ಅವನ್ನು ಇಸ್ಪೀಟಿನ ಎಲೆಗಳಂತೆ ಒಂದರ ಪಕ್ಕ ಒಂದಿಟ್ಟು ನೋಡಿದರು.

"ಒಬ್ಬಾಂವನ ತಪ್ಪು ರೀ ಮೇಡಂ," ಮ್ಯಾನೇಜರ್ ಹೇಳಿದರು. "ವಯಸ್ಸಾಗೈತಿ, ಮನೀಗೆ ಹೋಗೂ ಗಡಿಬಿಡಿ. ತೆಗದು ಹಾಕ್ತೇವಿ. ಮುಗೀತು."

"ಅದನ್ನ ಮುಗಸವ್ರು ನೀವಲ್ಲ," ಎಂದರು ಮೇಡಂ. "ನಾಕೂ ಮಂದಿ ಹಂಗ ಮಾಡ್ತಿದ್ರು, ನಿಮಗ ಗೊತ್ತಿತ್ತು ಅಂದ್ರ ತಪ್ಪು ಕಂಪನೀದು. ಒಬ್ಬನ ಮಾಡ್ಯಾನ ಅಂದ್ರ ಅವಂದು. ನನಗ ಅದು ತಿಳೀಬೇಕು."

ಹೊರಗಿನ ಬೆಂಚಿನ ಮೇಲಿದ್ದ ಆಪರೇಟರನ್ನು ಒಳಗೆ ಕರೆದರು. ಅವರು ಪ್ಲಾಸ್ಟಿಕ್ ಚೀಲ ತಂದಿದ್ದರು.

"ನಾಕೂ ಮಂದಿ ಮಾಡ್ತೇವ್ರಿ. ಸುಳ್ಳು ಯಾಕ ಹೇಳ್ಲಿ? ಮ್ಯಾನೇಜರ್ ಸಾಹೇಬ್ರಿಗೂ ಖರೇ ಗೊತ್ತೈತಿ."

"ಸಾಕ್ಷಿ ಯಾರದಾರ?" ಮ್ಯಾನೇಜರ್ ಕೇಳಿದರು.

"ಇವರದಾರಲ್ರಿ." ಅವರು ನನ್ನ ಕಡೆ ತಿರುಗಿದರು, ಸಮಾಧಾನವಾಗಿಯೇ. "ಸಣ್ಣ ಸಾಹೇಬ್ರಿಗೆ ಎಲ್ಲಾ ಹೇಳೇನಿ, ಚಾ ಕುಡಿಯೂಮುಂದ. ಇದು ಒಡಿಯೂಕಿಂತ ಮದಲ ಹೇಳೇನಿ. ಕೇಳ್ರಿ ಬೇಕಾದ್ರ."

ಮೇಡಂ ನನ್ನನ್ನು ನೋಡಿದರು. "ನಿನ್ನ ವರದಿಯೊಳಗಿನ ಆ ಸಾಲು. ಇವರು ಹೇಳಿದ್ದು ಬರದ್ಯೋ, ನೋಡಿ ಬರದ್ಯೋ?"

ನನ್ನ ಕರಾರು ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು ಎಂಬುದು ಆಗ ತಲೆಗೆ ಬಂತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂದ ನೆನಪಿಲ್ಲ. ಬಾರದಿರುವುದಕ್ಕೆ ಕಾರಣವೂ ಇಲ್ಲ.

"ನೋಡಿ ಬರೆದದ್ದು," ಎಂದೆ. "ಬೆಳಗಿನ ಬಸ್ಸಿನಲ್ಲಿದ್ದೆ. ಕಿಟಕಿಯಿಂದ ರಿಜಿಸ್ಟರ್ ಕೊಡುವುದನ್ನು ಕಂಡೆ."

"ಎಷ್ಟು ಸಲ?"

"ಒಂದು ಸಲ."

"ಕೊಟ್ಟಾವ್ರು ಯಾರು?"

"ಇವರು. ಒಳಗೆ ತೆಗೆದುಕೊಂಡವರ ಮುಖ ಕಾಣಲಿಲ್ಲ."

"ಉಳದವ್ರ ವಿಷಯ ನಿನಗ ಹೇಳಿದ್ರಂತಲ್ಲ?"

"ಹೇಳಿರಬಹುದು. ನೆನಪಿಲ್ಲ."

ಆಪರೇಟರ್ ಪ್ಲಾಸ್ಟಿಕ್ ಚೀಲವನ್ನು ಮಡಚಿ ಬಗಲಲ್ಲಿಟ್ಟುಕೊಂಡರು. ಕೇಳಿದ್ದಕ್ಕಿಂತ ಕಂಡದ್ದು ಹೆಚ್ಚು ತೂಕದ ಸಾಕ್ಷಿ, ಹಾಗಾಗಿ ಅವರಿಗೆ ನೆರವೇ ಆಗುತ್ತದೆ ಎಂದು ನಾನು ಭಾವಿಸಿದ್ದೆ ಅಂತ ಆಮೇಲೆ ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಆಗಿದ್ದು ಬೇರೆ. ಒಬ್ಬನೇ ಮನುಷ್ಯ ಎರಡು ಸಲ ಕೊಠಡಿ ಬಿಟ್ಟಿದ್ದಾನೆ, ಒಂದು ಸಲಕ್ಕೆ ಕಣ್ಣಾರೆ ಕಂಡ ಸರ್ಕಾರಿ ಸಾಕ್ಷಿ, ಇನ್ನೊಂದು ಸಲಕ್ಕೆ ಒಡೆದ ಕೊಳವೆ. ಉಳಿದ ಮೂವರ ಬಗ್ಗೆ ಇದ್ದದ್ದು ಕುಪ್ಪೇಲೂರಿನವರ ಬಾಯಿಮಾತೊಂದೇ. ಮೇಡಂ ಆ ಮೂರು ಹೇಳಿಕೆಗಳನ್ನು ನಂಬಲಿಲ್ಲ ಎಂದು ನನಗೆ ಗೊತ್ತು. ಆದರೆ ನಂಬಿಕೆಯ ಮೇಲೆ ಆದೇಶ ಬರೆಯುವವರಲ್ಲ ಅವರು.

ಆದೇಶ ಎರಡು ಭಾಗದಲ್ಲಿತ್ತು. ಕಂಪನಿ ಆಪರೇಟರುಗಳಿಗೆ ತನ್ನದೇ ವಾಹನ ಒದಗಿಸಬೇಕು, ಎರಡು ಪಾಳಿಗಳ ನಡುವೆ ಅರ್ಧ ಗಂಟೆ ಇಬ್ಬರೂ ಒಳಗಿರಬೇಕು. ಇದು ಒಂದು. ತಪ್ಪೆಸಗಿದ ಆಪರೇಟರ್ ಮೇಲೆ ಕಂಪನಿ ತನ್ನ ನಿಯಮದಂತೆ ಕ್ರಮ ಕೈಗೊಳ್ಳಬಹುದು. ಇದು ಎರಡು. ಕಂಪನಿ ಎರಡನೆಯದನ್ನು ಮರುದಿನವೇ ಜಾರಿ ಮಾಡಿತು, ಮೊದಲನೆಯದನ್ನು ಮುಂದಿನ ವಾರ. ನಾನು ಆಮೇಲೆ ಎಷ್ಟೋ ಸಲ ಆ ಕೊಠಡಿಗೆ ಹೋದೆ. ವಾಹನ ಬರುತ್ತಿತ್ತು, ಇಬ್ಬರೂ ಗೋಡೆಯ ಮುಂದೆ ನಿಂತು ಮುಳ್ಳುಗಳನ್ನು ಓದುತ್ತಿದ್ದರು. ಕಿಟಕಿಯಿಂದ ರಿಜಿಸ್ಟರ್ ದಾಟುವುದನ್ನು ನಾನು ನೋಡಿದ್ದೇ ಹೌದಾದರೆ ಆ ಮೊದಲ ಭೇಟಿಯಲ್ಲೇ ನೋಡಿರಬೇಕು, ಏಕೆಂದರೆ ವರದಿ ಬರೆದದ್ದು ಅಂದೇ ಸಂಜೆ, ಅದಕ್ಕೂ ಮುಂಚೆ ನಾನು ಆ ಕಡೆಗೆ ಹೋದವನೇ ಅಲ್ಲ.

ನನ್ನ ಕರಾರು ಮುಂದುವರಿಯಿತು. ಒಂದೂವರೆ ವರ್ಷದ ನಂತರ ನಾನೇ ಬಿಟ್ಟೆ. ಯಾವ ಕೆಲಸದಲ್ಲೂ ಅದಕ್ಕಿಂತ ಹೆಚ್ಚು ಕಾಲ ನಾನು ಇದ್ದಿದ್ದಿಲ್ಲ.

ಬಿಡುವ ಸ್ವಲ್ಪ ಮುಂಚೆ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ನಾನು ನೋಡದವನಂತೆ ಹೋಗುತ್ತಿದ್ದೆ, ಅವರೇ ಕೂಗಿದರು. ತೋಳಿನವರೆಗೂ ಹಿಟ್ಟು ಮೆತ್ತಿತ್ತು. ಒಂದು ಗಿರಣಿಯಲ್ಲಿ ಮೋಟರು ನೋಡಿಕೊಳ್ಳುತ್ತಿದ್ದರಂತೆ.

"ಏನ್ರಿ ಸಣ್ಣ ಸಾಹೇಬ್ರ, ಇನ್ನೂ ಸಣ್ಣವರ ಅದೀರೋ, ದೊಡ್ಡವರಾದ್ರೋ?"

"ಸಣ್ಣವನೇ."

"ನಾನೂ ಹಂಗಾ ಅದೇನಿ ನೋಡ್ರಿ. ಗಿರಣ್ಯಾಗ ಯಾರೂ ಕಾಯಂ ಆಗಂಗಿಲ್ಲ. ಜ್ವಾಳ ಒಂದ ಕಾಯಂ."

ನಾನು ಕ್ಷಮೆ ಕೇಳಬೇಕೆಂದುಕೊಂಡೆ. ಯಾವುದಕ್ಕೆ ಎಂದು ನನಗೇ ಸ್ಪಷ್ಟವಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಬಸ್ಸಿನ ನೆನಪು ಗಟ್ಟಿಯಾಗಿತ್ತು. ಅವರೇ ಮಾತು ತೆಗೆದರು.

"ಒಂದು ಮಾತು ಕೇಳ್ಲೇನ್ರಿ? ಆ ಬಸ್ಸಿನ್ಯಾಗ ನಿಮ್ಮನ್ನ ನಾ ಕಂಡಿಲ್ಲ. ಹನ್ನೊಂದು ವರ್ಷ ಅದ ಬಸ್ ಹತ್ತೇನಿ. ದಿನಾ ಬರೂ ಮಂದಿ ಹತ್ತೋ ಹನ್ನೆರಡೋ. ಪ್ಯಾಂಟು ಇನ್‌ಶರ್ಟು ಮಾಡಿದ ಹೊಸಬ ಒಬ್ಬಾಂವ ಕುಂತಿದ್ರ ಕಾಣತಿರಲಿಲ್ಲೇನ್ರಿ?"

"ಎಡಗಡೆ ಕೂತಿದ್ದೆ," ಎಂದೆ.

ಅವರು ತೋಳಿನ ಹಿಟ್ಟು ಕೊಡವಿಕೊಂಡರು. "ಇದ್ದಿರಬೇಕು ಬಿಡ್ರಿ. ಓದಿದವರು ನೀವು, ಸುಮ್ಮನ ಯಾಕ ಹೇಳ್ತೀರಿ." ಆ ಮಾತಿನಲ್ಲಿ ವ್ಯಂಗ್ಯವಿತ್ತೇ ಎಂದು ಅವರ ಮುಖ ನೋಡಿದೆ. ಇರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ಅವರ ಬಸ್ಸು ಬಂತು, ಓಡಿದರು.

ಕೆಲವು ವರ್ಷಗಳ ಮೇಲೆ ಹಾವೇರಿಯಲ್ಲಿ ಬೇರೆ ಕೆಲಸವಿದ್ದಾಗ ಹಳೆಯ ಕಚೇರಿಗೆ ಹೋದೆ. ಮೇಡಂ ವರ್ಗವಾಗಿ ಹೋಗಿದ್ದರು. ಗುಮಾಸ್ತನೊಬ್ಬನಿಗೆ ನನ್ನ ಗುರುತಿತ್ತು. ಆ ವರ್ಷದ ಕಡತ ತೆಗೆಸಿ ಆ ಕೊಠಡಿಯ ಬಗ್ಗೆ ನನ್ನ ಮೊದಲ ವರದಿಯ ತಾರೀಖು ನೋಡಿದೆ. ಆಮೇಲೆ ಜೀಪಿನ ಲಾಗ್ ಪುಸ್ತಕ ಕೇಳಿದೆ. ಡ್ರೈವರುಗಳ ಕೋಣೆಯ ಕಪಾಟಿನಲ್ಲಿ ಅದು ಸಿಕ್ಕಿತು. ಆ ತಾರೀಖಿನ ಎದುರು ಒಂದೇ ಸಾಲು. ಹಾವೇರಿ ಬಿಟ್ಟದ್ದು ಬೆಳಿಗ್ಗೆ ಹತ್ತೂವರೆ. ಹೋದದ್ದು ನದಿಯ ಬಳಿಯ ಪಂಪುಮನೆ. ಪ್ರಯಾಣಿಸಿದವರ ಸಹಿಯ ಜಾಗದಲ್ಲಿ ನನ್ನ ಸಹಿ.