ಅಣಕು ನೆರೆ

ಮಂಡ್ಯದ ಕಾಲೇಜೊಂದರಲ್ಲಿ ನಾನು ವಿಪತ್ತು ನಿರ್ವಹಣೆ ಕಲಿಸುತ್ತೇನೆ. ಕಿರುಗಾವಲಿನಲ್ಲಿರುವ ನನ್ನ ಅವ್ವನಿಗೆ ಇದನ್ನು ನೆಂಟರಿಗೆ ವಿವರಿಸುವುದೇ ಒಂದು ವಿಪತ್ತು. ಪಿಎಚ್‌ಡಿ ಮುಗಿದು ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರಿಕೊಂಡಾಗ ಬೀದಿಯ ಹೆಂಗಸರು ಮಂಡಿನೋವು ಹೇಳಿಕೊಂಡು ಬಂದರು. ಅವ್ವ ಅವರನ್ನು ಬಾಗಿಲಲ್ಲೇ ತಡೆದಳು.

"ಇವ್ಳು ಆ ಡಾಕ್ಟ್ರಲ್ಲ ಕಣ್ರವ್ವ. ಎಲ್ಲಿ ನೀರ್ ನುಗ್ತದೆ, ಎಲ್ಲಿ ಬೆಂಕಿ ಬೀಳ್ತದೆ ಅಂತ ಮುಂಚೇನೇ ಯೋಳೋ ಡಾಕ್ಟ್ರು."

"ಅಂಗಾರೆ ಸಾಸ್ತ್ರ ಯೋಳ್ತಾಳಾ?" ಎಂದು ಒಬ್ಬಾಕೆ ನನ್ನ ಮುಂದೆ ಅಂಗೈ ಚಾಚಿದಳು.

ಅವರನ್ನು ದೂರಿ ಫಲವಿಲ್ಲ. ಮದುವೆಮನೆಗೆ ಕಾಲಿಟ್ಟರೆ ಹೊರಗೋಡಲು ಬಾಗಿಲು ಎಲ್ಲಿದೆ, ಶಾಮಿಯಾನದ ವೈರು ಎಲ್ಲಿ ಬಿಚ್ಚಿಕೊಂಡಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಹೈಸ್ಕೂಲು ಮೇಷ್ಟರಾದ ನನ್ನ ಗಂಡ ಮನೆಗೆ ಬಂದವರಿಗೆಲ್ಲ ಇಂದಿಗೂ ಹೇಳುತ್ತಾರೆ: "ತಾಳಿ ಕಟ್ಟೋವಾಗ ಇವಳು ನನ್ನ ಮುಖ ನೋಡಲಿಲ್ಲ. ತಲೆ ಮೇಲಿನ ಫ್ಯಾನು ಗಟ್ಟಿಯಾಗಿದೆಯಾ ಅಂತ ನೋಡ್ತಿದ್ದಳು." ಅದು ಸುಳ್ಳಲ್ಲ. ಫ್ಯಾನು ಅಲ್ಲಾಡುತ್ತಿತ್ತು.

ಕೆಲವು ವರ್ಷಗಳ ಹಿಂದೆ ನನಗೊಂದು ಸಂಶೋಧನಾ ಯೋಜನೆ ಸಿಕ್ಕಿತು. ಆಪತ್ತು ಬಂದಾಗ ಒಂದು ಊರು ಹೇಗೆ ತಾನೇ ಸುಧಾರಿಸಿಕೊಂಡು ಏಳುತ್ತದೆ ಎಂಬುದು ವಿಷಯ. ಬೆಸಗರಹಳ್ಳಿ ಕಡೆ ಕೆರೆಯ ಕೆಳಗಿರುವ ಒಂದು ಊರನ್ನು ಆರಿಸಿಕೊಂಡೆ. ಮಳೆ ಜಾಸ್ತಿಯಾಗಿ ಕೆರೆ ಕೋಡಿ ಬಿದ್ದರೆ ಅಲ್ಲಿನ ತಗ್ಗಿನ ಬೀದಿಗೆ ನೀರು ಬರುವ ಸಂಭವವಿತ್ತು. ಊರವರಿಗೆ ನನ್ನ ಮಾತೇ ವಿಚಿತ್ರವಾಗಿ ಕಂಡಿತು. "ಕೆರೆ ತುಂಬ್ಲಿ ಅಂತ ನಾವು ಕಾಯ್ತಾ ಕುಂತಿದ್ರೆ, ತುಂಬಿದ್ರೆ ಏನ್ ಮಾಡ್ತೀರಿ ಅಂತ ಕೇಳ್ತಾವ್ಳಲ್ಲಪ್ಪ ಈವಮ್ಮ!" ಎಂದು ನಗಾಡಿದರು.

ನನ್ನ ಯೋಜನೆ ಸರಳವಾಗಿತ್ತು. ನಡೆಯಲಾಗದ ಪ್ರತಿಯೊಬ್ಬ ಮುದುಕರಿಗೂ ಪಕ್ಕದ ಮನೆಯವರೊಬ್ಬರು ಜೊತೆಗಾರರು. ನೀರು ಬಂದರೆ ಜೊತೆಗಾರರು ಅವರನ್ನು ಎಬ್ಬಿಸಿಕೊಂಡು ದಿಣ್ಣೆಯ ಮೇಲಿನ ಶಾಲೆಗೆ ಕರೆತರಬೇಕು. ಮೊದಲು ಒಂದು ದಿನ ನೀರು ಬಂದಂತೆ ನಟಿಸಿ ಇದನ್ನು ಅಭ್ಯಾಸ ಮಾಡುವುದು. ತಗ್ಗಿನ ಬೀದಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಇಬ್ಬರು ಓರಗಿತ್ತಿಯರಿದ್ದರು, ಇಬ್ಬರದೂ ನರೆತ ತಲೆ. ಹಿರಿಯಾಕೆಯ ಮಗ ಸೊಸೆ ಬೆಳಿಗ್ಗೆ ಮದ್ದೂರಿಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಆಕೆ ಒಬ್ಬಳೇ. ಮಂಡಿ ಪೂರಾ ಹೋಗಿತ್ತು. ಕಿರಿಯಾಕೆ ಈಗಲೂ ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ತರುವ ಗಟ್ಟಿಗಿತ್ತಿ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು? ಶಾಲೆಯ ಹೊಂಗೆಮರದ ಕೆಳಗೆ ಸೇರಿದ ಸಭೆಯಲ್ಲಿ ಈ ಜೋಡಿಯನ್ನು ಹೆಮ್ಮೆಯಿಂದ ಸಾರಿದೆ.

ಇಡೀ ಸಭೆ ನಕ್ಕಿತು.

ಪಂಚಾಯಿತಿ ಸದಸ್ಯರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಮ್ಮೋರೆ, ಮನೆ ಭಾಗ ಆದಾಗಿಂದ ಅವ್ರಿಬ್ರಿಗೂ ಮಾತಿಲ್ಲ. ನಡೂಕೆ ಗೋಡೆ ಆಕುದ್ರು ನೋಡಿ, ಒರಳುಕಲ್ಲು ದೊಡ್ಡೋಳ ಕಡೀಕೋಯ್ತು. ಅದ್ಕೇಯ."

"ಈಗ ಯಾರು ಒರಳಲ್ಲಿ ರುಬ್ಬುತ್ತಾರೆ?"

"ಯಾರೂ ಇಲ್ಲ. ಇಬ್ರ ಮನೇಲೂ ಮಿಕ್ಸಿ ಅದೆ."

ಜೋಡಿ ಬದಲಿಸಲೇ ಎಂದು ಕೇಳಿದೆ. "ಬುಡಿ, ಒಂದಿನದ ಆಟ ತಾನೇ" ಎಂದಳು ಕಿರಿಯಾಕೆ. ಹಿರಿಯಾಕೆ ಹೊಂಗೆಮರಕ್ಕೆ ಹೇಳುವವಳಂತೆ, "ಮುಟ್ಟೋದಾದ್ರೆ ಮೆಲ್ಗೆ ಮುಟ್ಬೇಕು ಅಂತ ಯೋಳ್ಬುಡಿ" ಎಂದಳು.

ಅಣಕು ಪ್ರವಾಹದ ದಿನ ಊರಿಗೆ ಊರೇ ಹಬ್ಬದ ಬಟ್ಟೆ ಹಾಕಿಕೊಂಡಿತ್ತು. ಹಿರಿಯಾಕೆ ರೇಷ್ಮೆ ಅಂಚಿನ ಸೀರೆ ಉಟ್ಟು ಕನಕಾಂಬರ ಮುಡಿದಿದ್ದಳು. ನೀರಿನಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣಬೇಕಲ್ಲ ಎಂದರೆ, "ಪೋಟ ಇಡಿತಾರಲ್ಲವ್ವ" ಎಂದಳು. ನಾನು ಸೀಟಿ ಊದಿದೆ. ಕಿರಿಯಾಕೆ ಬಂದು ಬಾಗಿಲಿಗೆ ಕೋಲಿನಿಂದ ಬಡಿದಳು.

"ನೀರ್ ಬಂತು."

ಒಳಗಿನಿಂದ ದನಿ: "ಯಾರ್ಗೆ ಯೋಳ್ತಿರಾದು? ಬಾಗ್ಲಿಗಾ?"

"ಒಳಗಿರೋರ್ಗೆ."

"ಒಳಗಿರೋರು ನಿಂಗೆ ಏನೂ ಆಗ್ಬೇಕಿಲ್ವಾ?"

ಬೀದಿ ತುಂಬ ನಗು. ಪ್ರವಾಹ ಮೊಣಕಾಲಿಗೆ ಬಂದಿದೆ, ಬೇಗ, ಬೇಗ ಎಂದು ನಾನೊಬ್ಬಳೇ ಒಣನೆಲದ ಮೇಲೆ ನಿಂತು ಕೂಗುತ್ತಿದ್ದೆ. ಕೊನೆಗೆ ಕಿರಿಯಾಕೆ ಕೋಲು ಎಸೆದು, ಊರೆಲ್ಲ ಕೇಳುವ ಹಾಗೆ, "ಅಕ್ಕಾ! ಏಳಕ್ಕಾ, ನೀರ್ ಬಂತು!" ಎಂದಳು.

ಹಿರಿಯಾಕೆ ಗೋಡೆ ಹಿಡಿದು ಹೊರಬಂದಳು. ಮುಖದಲ್ಲಿ ಗೆದ್ದ ಕಳೆ, ಕಣ್ಣು ಮಾತ್ರ ಒದ್ದೆ. ಅವರು ಶಾಲೆ ತಲುಪುವ ಹೊತ್ತಿಗೆ ನನ್ನ ಲೆಕ್ಕದ ಪ್ರಕಾರ ಇಡೀ ಬೀದಿ ಮುಳುಗಿಹೋಗಿತ್ತು. ಅಲ್ಲಿಯೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ವರದಿಯಲ್ಲಿ ‘ಭಾಗಶಃ ಯಶಸ್ವಿ’ ಎಂದು ಬರೆದೆ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ನಾನು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಾಗ ಪಂಚಾಯಿತಿ ಸದಸ್ಯರ ಫೋನು ಬಂತು. "ಕೋಡಿ ಬಿತ್ತು ಮೇಡಮ್ಮೋರೆ, ಕೆಳಗ್ಲು ಬೀದಿಗೆ ನೀರು" ಎನ್ನುವಷ್ಟರಲ್ಲಿ ಮಾತು ಕಡಿಯಿತು. ತಿರುಗಿ ಮಾಡಿದರೆ ಯಾರೂ ಸಿಗುತ್ತಿಲ್ಲ. ಗಂಡ ಒಂದೂ ತಮಾಷೆ ಮಾಡದೆ ಕಾರು ತೆಗೆದರು. ಮದ್ದೂರು ದಾಟಿದ ಮೇಲೆ ರಸ್ತೆಗೇ ನೀರು ಬಂದು ವಾಹನಗಳೆಲ್ಲ ನಿಂತಿದ್ದವು. ಎಷ್ಟು ಪಾಠ ಮಾಡಿದ್ದೇನೆ, ಎಷ್ಟು ಪ್ರಬಂಧ ಓದಿದ್ದೇನೆ. ಆ ಕಾರಿನಲ್ಲಿ ಕೂತಾಗ ಒಂದು ಪದವೂ ನೆರವಿಗೆ ಬರಲಿಲ್ಲ. ಸಾವುನೋವು ಎಂಬ ಮಾತನ್ನು ತರಗತಿಯಲ್ಲಿ ಹಾಜರಿ ಕರೆದಷ್ಟು ಸಲೀಸಾಗಿ ಆಡುತ್ತಿದ್ದವಳು ನಾನು. ಈಗ ಅದಕ್ಕೊಂದು ಮುಖವಿತ್ತು, ತಲೆಯಲ್ಲಿ ಕನಕಾಂಬರವಿತ್ತು. ಆಕೆಯ ಮಗ ಸೊಸೆ ಇಷ್ಟು ಹೊತ್ತಿಗೆ ಬಸ್ಸು ಹತ್ತಿರುತ್ತಾರೆ ಎನ್ನುವುದು ನನಗೆ ಗೊತ್ತಿತ್ತು.

ನೀರು ತಗ್ಗಿ ದಾರಿ ಬಿಟ್ಟ ಮೇಲೆ ಊರು ತಲುಪಿದೆವು. ಶಾಲೆಯ ಜಗುಲಿ ತುಂಬ ಜನ, ಆಡು, ರಾಗಿ ಮೂಟೆ, ಪ್ಲಾಸ್ಟಿಕ್ ಸುತ್ತಿದ ಟಿವಿಗಳು. ಮೂಲೆಯಲ್ಲಿ ಒಂದೇ ಕಂಬಳಿ ಹೊದ್ದುಕೊಂಡು ಇಬ್ಬರು ಜಗಳವಾಡುತ್ತಿದ್ದರು.

"ನೋಡವ್ವ ಇವ್ಳ!" ಕಿರಿಯಾಕೆ ನನ್ನನ್ನು ಕಂಡಿದ್ದೇ ಶುರುಮಾಡಿದಳು. "ನೀರು ಒಸ್ಲು ದಾಟ್ತಾ ಅದೆ, ಅಕ್ಕಾ ಅಂತ ಕೂಗಿದ್ರೆ, ಇನ್ನೊಂದ್ಸಲ ಅನ್ನು ಅಂತಾಳೆ!"

"ಮಳೆ ಸದ್ದಿಗೆ ಕೇಳಿಸ್ನಿಲ್ಲ ಕಣವ್ವ."

"ಕೇಳಿಸ್ತು. ನಗ್ತಾ ಇದ್ದೆ ನೀನು. ಬೆನ್ ಮೇಲೆ ಆಕ್ಕೊಂಡ್ ಬಂದೆ, ದಾರಿ ಉದ್ದುಕ್ಕೂ ಮೆಲ್ಗೆ ಮೆಲ್ಗೆ ಅಂತ ಒಂದೇ ರಾಗ."

"ತೆಂಗಿನಕಾಯಿ ಮೂಟೆ ಒತ್ತಂಗೆ ಒತ್ಲು. ಸೊಂಟ ಇಡ್ಕೊಂಡದೆ."

ನಾನು ನಗಲು ಹೋಗಿ ಅತ್ತುಬಿಟ್ಟೆ. ಹಿರಿಯಾಕೆ ಗಾಬರಿಯಾಗಿ ನನ್ನ ಗಂಡನನ್ನು ಕೇಳಿದಳು: "ಯಾಕ್ ಸ್ವಾಮಿ ಅಳ್ತಾವ್ಳೆ? ಅವ್ಳ ಮನೇಗೂ ನೀರ್ ಬಂತಾ?"

ಊರಿನಲ್ಲಿ ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ಹಿರಿಯಾಕೆಯ ಅಡುಗೆಮನೆ ನೆಲ ಕುಸಿದು, ಅದು ಸರಿಯಾಗುವವರೆಗೆ ಆ ಮನೆಯವರೆಲ್ಲ ಕಿರಿಯಾಕೆಯ ಒಲೆಯಲ್ಲೇ ಬೇಯಿಸಿಕೊಂಡರು. ನಾನು ಇದನ್ನೆಲ್ಲ ಪ್ರಬಂಧವಾಗಿ ಬರೆದು ಕಳಿಸಿದಾಗ, ಆ ಇಬ್ಬರ ನಡುವೆ ನಂಬಿಕೆ ಬೆಳೆದ ಬಗೆಯನ್ನು ಇನ್ನಷ್ಟು ಸ್ಪಷ್ಟಪಡಿಸಿ ಎಂದು ಸಂಶೋಧನಾ ಪತ್ರಿಕೆಯವರು ಕೇಳಿದರು. ಗಂಡ ಓದಿ, "ಒಬ್ಬಳು ಅಕ್ಕಾ ಅಂದಳು ಅಂತ ಬರಿ, ಸಾಕು" ಎಂದರು. ಹಾಗೇ ಬರೆದೆ. ಅಕ್ಕ ಎಂಬ ಪದಕ್ಕೆ ವ್ಯಾಖ್ಯೆ ಕೊಡಿ ಎಂದು ಮರಳಿ ಬಂತು.

ಹೋದ ಸಲ ಆ ಊರಿಗೆ ಹೋದಾಗ ಕಿರಿಯಾಕೆ ಊಟಕ್ಕೆ ಕೂರಿಸಿದಳು. ಮುದ್ದೆ ಮುರಿಯುವಷ್ಟರಲ್ಲಿ ಹಿರಿಯಾಕೆ ಗೋಡೆ ಹಿಡಿದುಕೊಂಡು ಬಂದು, "ಇವ್ಳ ಸಾರು ಉಪ್ಪಿಲ್ಲದ ಸಪ್ಪೆ, ಇದ ಉಣ್ಣವ್ವ" ಎಂದು ತನ್ನ ಮನೆಯ ಬಸ್ಸಾರು ಪಕ್ಕದಲ್ಲಿ ಸುರಿದಳು. ಆಮೇಲೆ ಇಬ್ಬರೂ ನನ್ನೆದುರು ಕೂತು, ಯಾವುದು ಚೆನ್ನಾಗಿದೆ ಹೇಳು ಎಂದು ಕಾದರು. ಅಪಾಯ ತಗ್ಗಿಸುವ ವಿದ್ಯೆ ಕಲಿತವಳು ನಾನು. ತಲೆ ತಗ್ಗಿಸಿ ಮುದ್ದೆ ನುಂಗಿದೆ.