ಟವಲಿನಡಿ ಮುಚ್ಚಿಟ್ಟ ಕೈ

ಭೈರವೇಶ್ವರನ ಒಕ್ಕಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನನ್ನ ಬಲಗೈಯಲ್ಲಿ ಈಗ ಮೂರೇ ಬೆರಳು. ಉಳಿದೆರಡು ಏನಾದವು ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳಿ ಜಾರಿಕೊಂಡಿದ್ದೇನೆ. ಸ್ವಾಮಿಯ ಮುಂದೆ ಅದು ನಡೆಯದು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ನಾನು ಕೂಲಿಯಿಂದ ಮೇಲೆ ಬಂದ ಎತ್ತಿನ ದಲ್ಲಾಳಿ. ನಮ್ಮ ವ್ಯಾಪಾರ ಬಾಯಲ್ಲಲ್ಲ, ಟವಲಿನಡಿ. ಕೊಳ್ಳುವವನ ಎಷ್ಟು ಬೆರಳು ಹಿಡಿದು ಒತ್ತಿದರೆ ಅಷ್ಟು ರೇಟು, ಪಕ್ಕದವನಿಗೂ ತಿಳಿಯದು. ಆ ಪುಷ್ಯಮಾಸ ಮಳವಳ್ಳಿ ಸಂತೆಯಲ್ಲಿ ಒಂದು ಎತ್ತಿನ ಗೊರಸು ಎತ್ತಿ ನೋಡುವಾಗ ಲಾಳದ ಮೊಳೆ ತೋರುಬೆರಳಿಗೆ ನೆಟ್ಟಿತು. ಕೀವಾದ ಬೆರಳನ್ನು ಯಾರು ಹಿಡಿಯುತ್ತಾರೆ ಎಂದು ಟವಲು ಸುತ್ತಿ ಮುಚ್ಚಿದೆ. ವಾರ ತುಂಬುವುದರೊಳಗೆ ಜ್ವರ, ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಳಲೆಗಂಟು.

ಅದೇ ಹೊತ್ತಿಗೆ ಊರೂರಲ್ಲಿ ಇಲಿ ಸತ್ತು ಬಿದ್ದು ಪ್ಲೇಗು ಹಬ್ಬಿತ್ತು. ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಮಂಡ್ಯದ ಆಸ್ಪತ್ರೆಗೆಂದು ಹೆಂಡತಿ ಚಿಕ್ಕತಾಯಿಯ ಜೊತೆ ಮದ್ದೂರಿನಲ್ಲಿ ಬಸ್ಸು ಹತ್ತಿದೆ. ಪ್ಲೇಗಿಗೂ ಕಂಕುಳಲ್ಲಿ ಗಂಟು ಕಟ್ಟುತ್ತದೆಂದು ಕಂಡಕ್ಟರು ಎಲ್ಲರ ತೋಳೆತ್ತಿಸಿ ನೋಡುತ್ತಿದ್ದ. ನನ್ನ ಗಳಲೆ ಕಂಡದ್ದೇ ಬಸ್ಸು ಖಾಲಿ. ಕಂಡಕ್ಟರು ದೂರ ನಿಂತು ಗದರಿದ.

"ಇಳಿಯಯ್ಯ ಕೆಳಕ್ಕೆ. ನಿನ್ ಜೊತೆ ನಮ್ಮುನ್ನೂ ಕರ್ಕೊಂಡೋಯ್ತೀಯ?"

ಅಲ್ಲಿಂದ ಗಾಡಿಯಲ್ಲಿ ಹೊಳೆಯಾಚೆಯ ಪ್ಲೇಗಿನ ಷೆಡ್ಡಿಗೆ ಸಾಗಿಸಿದರು. ಚಿಕ್ಕತಾಯಿಯನ್ನು ಈ ದಡದಲ್ಲೇ ತಡೆದರು.

ಡಾಕ್ಟರು ದಿನಕ್ಕೊಮ್ಮೆ ಬಂದು ಬಾಗಿಲಲ್ಲೇ ನಿಂತು, ತೋಳೆತ್ತಿಸಿ, ಬರೆದುಕೊಂಡು ಹೋಗುತ್ತಿದ್ದರು. ಅವರನ್ನು ದೂರಲಾರೆ, ಅವರೊಬ್ಬರೇ, ಚಾಪೆಗಳು ನೂರಾರು. ಕೈಗೇನಾಗಿದೆ ಎಂದು ಅವರು ಕೇಳಲಿಲ್ಲ. ಪ್ಲೇಗು ಬಂದವನಿಗೆ ಬೆರಳಿನ ಚಿಂತೆ ಯಾಕೆಂದು ನಾನೂ ಹೇಳಲಿಲ್ಲ. ಒಳಗೆ ಕೈ ಕೊಳೆಯುತ್ತಿತ್ತು.

ಆಗಲೂ ನನ್ನ ದಲ್ಲಾಳಿ ಬುದ್ಧಿ ಬಿಡಲಿಲ್ಲ. ಮೊದಲ ದಿನ ಗುಡಿಗೆ ಒಂದು ಗಂಟೆ ಕಟ್ಟಿಸುತ್ತೇನೆಂದು ಸ್ವಾಮಿಗೆ ಹರಕೆ ಹೊತ್ತೆ. ಜ್ವರ ಏರಿತು, ಮಾರನೆಯ ದಿನ ಕಂಚಿನ ದೀಪವನ್ನೂ ಸೇರಿಸಿದೆ. ಅದಕ್ಕೂ ಇಳಿಯದಾಗ ಕೊಟ್ಟಿಗೆಯ ಎತ್ತಿನ ಜೋಡಿ. ಮೂರನೆಯ ಬೆಳಿಗ್ಗೆ ಪಕ್ಕದ ಚಾಪೆಯವನನ್ನು ಮುಸುಕು ಹಾಕಿ ಹೊತ್ತುಕೊಂಡು ಹೋದರು. ನನ್ನ ಬಳಿ ಏರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಟವಲು ಬಿಚ್ಚಿ ಎಸೆದು ಎರಡೂ ಕೈ ಜೋಡಿಸಿದೆ.

"ಅಪ್ಪಾ, ನಂತಾವ ಇನ್ನೇನೂ ಇಲ್ಲ. ನೀನೇ ನೋಡ್ಕೊ."

ಯಾರೋ ಆ ಕೈ ಹಿಡಿದರು. ಎತ್ತಿಗೆ ಲಾಳ ಕಟ್ಟುವ ಮದ್ದೂರಿನ ಗಫೂರಣ್ಣ. ಪ್ಲೇಗಿನಿಂದ ಬದುಕಿ ಉಳಿದು, ಅಲ್ಲೇ ರೋಗಿಗಳಿಗೆ ನೀರು ಕೊಡುತ್ತಿದ್ದರು. ಕೈಯನ್ನು ಗೊರಸು ತಿರುಗಿಸಿದ ಹಾಗೆ ತಿರುಗಿಸಿದರು.

"ಲೋ, ಗೊರಸಿಗೆ ಮೊಳೆ ಒಕ್ಕುದ್ರೆ ತೊಡೇಲಿ ಗಳಲೆ ಕಟ್ಟಲ್ವೇನ್ಲಾ? ಎತ್ತಿನ ಬಾಯಿ ಬುಡ್ಸಿ ಅಲ್ಲು ಎಣಿಸ್ತೀಯ, ನಿನ್ ಕೈಯ ಬಚ್ಚಿಟ್ಕೊಂಡು ಸಾಯ್ತಿದ್ದೀಯಲ್ಲ! ಇದು ಪಿಳೇಗಲ್ಲ ಕಣ್ಲಾ."

ಕುಂಟುವ ಎತ್ತು ಕಂಡರೆ ಮೊದಲು ಗೊರಸು ನೋಡುವವನು ನಾನು.

ಗಫೂರಣ್ಣ ಹೊಳೆಯವರೆಗೂ ಓಡಿ ಡಾಕ್ಟರನ್ನು ವಾಪಸು ಕರೆತಂದರು. ಡಾಕ್ಟರು ಕೈ ನೋಡಿ ಚೀಟಿ ಬರೆದು, ಮಧ್ಯಾಹ್ನದೊಳಗೆ ನನ್ನನ್ನು ಮಂಡ್ಯಕ್ಕೆ ಕಳಿಸಿದರು. ಅಲ್ಲಿ ಎರಡು ಬೆರಳು ತೆಗೆದರು. ಮೊದಲೇ ಬಂದಿದ್ದರೆ ಒಂದು ಸಣ್ಣ ಗೀರು ಸಾಕಿತ್ತಂತೆ. ಇನ್ನೊಂದು ದಿನ ತಡವಾಗಿದ್ದರೆ ತೋಳು, ಆಮೇಲೆ ಪ್ರಾಣ. ಅಷ್ಟು ಜನ ಸತ್ತ ಷೆಡ್ಡಿನಲ್ಲಿ ಮಲಗಿದ್ದೂ ನನಗೆ ಪ್ಲೇಗು ತಗಲಲಿಲ್ಲ. ಅದನ್ನು ಕೃಪೆ ಎನ್ನದೆ ಇನ್ನೇನೆನ್ನಲಿ?

ಗಂಟೆ, ದೀಪ, ಎತ್ತಿನ ಜೋಡಿ ಮೂರನ್ನೂ ಒಪ್ಪಿಸಿದೆ. ಚಿಕ್ಕತಾಯಿ ಗುಡಿಯಲ್ಲೇ ಪಕ್ಕದವಳಿಗೆ ಹೇಳಿದಳು: "ನಮ್ಮೋರು ಚೌಕಾಸಿ ಮಾಡ್ದೆ ಕೊಟ್ಟಿದ್ದು ಇದೇ ಮೊದ್ಲು ಕಣಮ್ಮ."

ನನ್ನ ಮಾತು ಕೇಳಿ. ಊರಿಗೆಲ್ಲ ಒಂದು ಬೇನೆ ಬಂದಾಗ ನಿಮ್ಮ ಬೇನೆಯೂ ಅದೇ ಎಂದುಕೊಳ್ಳಬೇಡಿ. ಡಾಕ್ಟರು ಕೇಳದಿದ್ದರೂ ಗಾಯ ತೋರಿಸಿ, ದೇವರಿಗೂ ತೋರಿಸಿ. ಈಗ ನಾನು ರೇಟನ್ನು ಬಾಯಲ್ಲೇ ಕೂಗುತ್ತೇನೆ. ಗುಡಿಯಲ್ಲಿ ಕೈ ಮುಗಿದರೆ ಎಡಗೈಯ ಎರಡು ಬೆರಳಿಗೆ ಜೊತೆಯಿಲ್ಲ. ನೋಡಿದವರು ನೋಡಲಿ. ಟವಲು ಹೆಗಲ ಮೇಲೇ ಇರುತ್ತದೆ.